ಔಷಧಿ ಹೊತ್ತ ಪುಟಾಣಿ ಕಣಗಳು

ಮಕ್ಕಳೇ, ನಿಮ್ಮ ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಅದುಮಿ ಬಿಡಿ. ಬಿಳಿಚಿಕೊಂಡ ಉಗುರು 2 ಸೆಕೆಂಡಿನೊಳಗೆ ಮತ್ತೆ ಕೆಂಪಾಯಿತಲ್ಲವೇ? ಉಗುರಿನಡಿ ಕೂದಲೆಳೆಗಿಂತ ಸಣ್ಣ ನಾಳಗಳಿವೆ. ಅದುಮಿದಾಗ ಪಕ್ಕಕ್ಕೆ ಸರಿದ ರಕ್ತ, ಬಿಟ್ಟೊಡನೆ ವಾಪಸು ಬಂತು. ಡಾಕ್ಟರು ರೋಗಿಗಳ ಕಾಲ್ಬೆರಳನ್ನೂ ಹೀಗೆ ಅದುಮಿ ನೋಡುವುದುಂಟು. ಕೆಂಪು ತಿರುಗಲು ಬಹಳ ಹೊತ್ತಾದರೆ, ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲವೇನೋ ಎಂದು ಅನುಮಾನಪಡುತ್ತಾರೆ.

ಬೀಡಿ, ಸಿಗರೇಟು ಸೇದುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಈ ತೊಂದರೆ ಹೆಚ್ಚು. ಕಾಲಿನ ದೊಡ್ಡ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿಕೊಂಡು ದಾರಿ ಕಿರಿದಾಗುತ್ತದೆ. ಆಮ್ಲಜನಕ ಹೊತ್ತು ತರುವುದು ರಕ್ತವೇ ತಾನೇ? ಅದು ಸಾಲದೆ ಹೋದರೆ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ನಿಂತರೆ ನೋವು ಇಳಿಯುತ್ತದೆ. ಕಾಯಿಲೆ ಬಲಿತರೆ ಮಲಗಿದ್ದಾಗಲೂ ನೋವು, ಸಣ್ಣ ಗಾಯವೂ ಮಾಯುವುದಿಲ್ಲ. ಕೆಲವರ ಕಾಲನ್ನೇ ತೆಗೆಯಬೇಕಾಗುತ್ತದೆ.

ಆದರೆ ದೇಹ ಸುಮ್ಮನೆ ಕೂರುವುದಿಲ್ಲ. ಕಾಲುವೆಯಲ್ಲಿ ಹೂಳು ತುಂಬಿದಾಗ ನೀರು ಪಕ್ಕದ ತೋಡುಗಳಲ್ಲಿ ಹರಿದು ಗದ್ದೆ ಸೇರುವಂತೆ, ರಕ್ತವೂ ಅಕ್ಕಪಕ್ಕದ ಸಣ್ಣ ನಾಳಗಳನ್ನು ಹಿಡಿಯುತ್ತದೆ. ಆ ನಾಳಗಳು ನಿಧಾನವಾಗಿ ಅಗಲವಾಗುತ್ತವೆ. ಇದರಲ್ಲಿ ಮುಖ್ಯ ಪಾತ್ರ ನಾಳದ ಒಳಮೈಗೆ ಹಾಸಿಕೊಂಡ ಒಂದೇ ಪದರದ ಜೀವಕೋಶಗಳದ್ದು. ಅವಕ್ಕೆ ಒಂದಿಷ್ಟು ಒತ್ತಾಸೆ ಕೊಟ್ಟರೆ?

ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಕೆನ್ಸುಕೆ ಎಗಾಶಿರಾ ಮತ್ತು ಸಂಗಡಿಗರು ಇದಕ್ಕೆ ಕೈಹಾಕಿದರು. ಅವರು ಆರಿಸಿಕೊಂಡದ್ದು ಕೊಲೆಸ್ಟರಾಲ್ ಇಳಿಸಲು ಕೊಡುವ ಪಿಟವಾಸ್ಟಾಟಿನ್ ಔಷಧಿ. ಸ್ಟಾಟಿನ್ ಜಾತಿಯ ಮೊದಲ ಔಷಧಿಯನ್ನು 1970ರ ದಶಕದಲ್ಲಿ ಅಕಿರಾ ಎಂಡೋ ಎಂಬ ಜಪಾನಿ ವಿಜ್ಞಾನಿ ಬೂಷ್ಟಿನಿಂದ ತೆಗೆದಿದ್ದರು; ಪೆನಿಸಿಲಿನ್ ಕೊಟ್ಟ ಬೂಷ್ಟಿಗೂ ಅದು ಹತ್ತಿರದ ಸಂಬಂಧಿ! ರಕ್ತನಾಳದ ಜೀವಕೋಶಗಳನ್ನು ಚುರುಕುಗೊಳಿಸುವ ಗುಣವೂ ಸ್ಟಾಟಿನ್‌ಗಳಿಗಿದೆ. ತೊಡಕೇನೆಂದರೆ, ನುಂಗಿದ ಮಾತ್ರೆಯ ಬಹುಪಾಲು ಯಕೃತ್ತಿಗೆ ಹೋಗುತ್ತದೆ. ಕಾಲಿಗೂ ಸಿಗಲೆಂದು ಹೆಚ್ಚು ಕೊಡೋಣವೆಂದರೆ ಸ್ನಾಯುಗಳಿಗೇ ಪೆಟ್ಟು ಬೀಳಬಹುದು.

ಅದಕ್ಕೇ ಅವರು ಔಷಧಿಯನ್ನು ಪಿಎಲ್‌ಜಿಎ ಎಂಬ ವಸ್ತುವಿನ ಪುಟಾಣಿ ಕಣಗಳೊಳಗೆ ಸೇರಿಸಿದರು. ಒಂದು ಮಿಲಿಮೀಟರನ್ನು 5000 ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಇಂಥ ಒಂದು ಕಣ ಹೆಚ್ಚುಕಡಿಮೆ ಅಷ್ಟು. ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥ 30ಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಇಡಬಹುದು! ಆಪರೇಷನ್ ಆದಮೇಲೆ ತಾನಾಗಿಯೇ ಕರಗುವ ಹೊಲಿಗೆಯ ದಾರವನ್ನೂ ಇದೇ ಬಗೆಯ ವಸ್ತುವಿನಿಂದ ಮಾಡುತ್ತಾರೆ. ನೀರಿನಂಶ ತಾಗುತ್ತಾ ಅದು ಒಡೆದು ಲ್ಯಾಕ್ಟಿಕ್ ಆಮ್ಲ, ಗ್ಲೈಕೋಲಿಕ್ ಆಮ್ಲಗಳಾಗುತ್ತದೆ. ಲ್ಯಾಕ್ಟಿಕ್ ಆಮ್ಲ ದೇಹಕ್ಕೆ ಹೊಸದೇನಲ್ಲ, ನೀವು ಜೋರಾಗಿ ಓಡಿದಾಗ ನಿಮ್ಮ ಸ್ನಾಯುಗಳಲ್ಲೂ ತಯಾರಾಗುತ್ತದೆ.

ರಕ್ತ ಕಡಿಮೆಯಾದ ಕಾಲಿನ ಸ್ನಾಯುವಿಗೆ ಈ ಕಣಗಳನ್ನು ಚುಚ್ಚಿದಾಗ, ರಕ್ತನಾಳದ ಜೀವಕೋಶಗಳು ಅವನ್ನು ಇಡಿಯಾಗಿ ಒಳಗೆಳೆದುಕೊಂಡವು. ಕಣ ಕರಗುತ್ತಾ ಹೋದಂತೆ ಔಷಧಿ ಒಳಗೇ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಯಿತು. 2009ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಹೀಗೆ ಚುಚ್ಚಿದ ಕಾಲಿಗೆ ರಕ್ತದ ಹರಿವು ಹೆಚ್ಚಿತು. ಅಷ್ಟೇ ಔಷಧಿಯನ್ನು ಕಣಗಳಿಲ್ಲದೆ ಕೊಟ್ಟಾಗ ಹೆಚ್ಚಲಿಲ್ಲ! ಔಷಧಿಯನ್ನು ಎಲ್ಲಿಗೆ, ಹೇಗೆ ತಲುಪಿಸುತ್ತೇವೆ ಎಂಬುದು ಎಷ್ಟು ದೊಡ್ಡ ವಿಷಯ ನೋಡಿ.

ಮುಂದೆ ಮೊಲಗಳಲ್ಲಿ ಪರೀಕ್ಷೆಯಾಯಿತು. ಆಮೇಲೆ, ಕಾಯಿಲೆ ಬಲಿತಿದ್ದ 16 ರೋಗಿಗಳ ಕಾಲಿಗೆ 5 ದಿನ ಇಂಜೆಕ್ಷನ್ ಕೊಟ್ಟು ನೋಡಿದರು. ಮನುಷ್ಯರ ಮೇಲಿನ ಮೊದಲ ಪರೀಕ್ಷೆಯಲ್ಲಿ ಕೇಳುವ ಮುಖ್ಯ ಪ್ರಶ್ನೆ, ಇದರಿಂದ ಅಪಾಯವಿಲ್ಲ ತಾನೇ ಎಂಬುದು. ಅವರೆಲ್ಲರೂ ಇಂಜೆಕ್ಷನ್ನನ್ನು ತಾಳಿಕೊಂಡರು. ಇದು ಎಷ್ಟು ಕಾಲುಗಳನ್ನು ಉಳಿಸಬಲ್ಲದು ಎಂದು ಹೇಳಬೇಕಾದರೆ ಇನ್ನೂ ಹೆಚ್ಚು ರೋಗಿಗಳಲ್ಲಿ, ಇನ್ನೂ ಹೆಚ್ಚು ಕಾಲ ಪರೀಕ್ಷೆ ನಡೆಯಬೇಕು.