ಬಂಡವಲಶಾಹಿಯೂ ಸರಕಾರದ ಕೈಯೂ

 

ವ್ಯಾಕರಣ ತರ್ಕಗಳನ್ನೋದಿದ ಪಾಠಶಾಲೆಯವನು ಅರ್ಥಶಾಸ್ತ್ರದ ಮಾತನ್ನೆತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಈ ಸಭೆಯಲ್ಲಿ ಕಬ್ಬು ಬೆಳೆಯುವವರಿರುವರು, ಕಾರಖಾನೆಯ ಸಂಚಾಲಕರಿರುವರು, ತಂಬಾಕಿನ ವಖಾರವುಳ್ಳವರಿರುವರು, ಬೀಡಿ ಕಟ್ಟುವ ತಾಯಂದಿರಿರುವರು. ಮಾಲಿಗೆ ಬೆಲೆ ಕಟ್ಟುವವರಾರು, ಬಂಡವಲಗಾರನೋ ಸರಕಾರವೋ ಎಂಬ ಒಂದೇ ಪ್ರಶ್ನೆಯ ಮೇಲೆ ಇವರೆಲ್ಲರ ಅನ್ನವು ನಿಂತಿರುವದು. ಆದಕಾರಣ ಈ ವಿಷಯವು ಮಠದ ಅಂಗಳಕ್ಕೆ ಹೊರಗಿನದಲ್ಲ.

ಪೇಟೆಯಲ್ಲಿ ಸರಕಾರವು ಕೈ ಹಾಕದಿದ್ದರೆ ಕೊಳ್ಳುವವರ ಮಾರುವವರ ಸ್ಪರ್ಧೆಯಿಂದಲೇ ಯೋಗ್ಯವಾದ ಬೆಲೆಯು ನಿಲ್ಲುವದೆಂಬುದು ಆಡಮ್ ಸ್ಮಿಥ್ ಎಂಬ ಪಂಡಿತನು 1776ರಲ್ಲಿ ಪ್ರತಿಪಾದಿಸಿದ ಮತದ ಸಾರ. ಅದೇ ಪಂಡಿತನು, ವರ್ತಕರು ಒಂದೆಡೆ ಕೂಡಿದರೆ ಬೆಲೆಯ ಬಗೆಗೆ ಒಳಸಂಚು ನಡೆಸದಿರರೆಂದೂ ಎಚ್ಚರಿಸಿದ್ದನು. ಮೊದಲನೆಯ ಮಾತನ್ನು ಎಲ್ಲರೂ ನೆನಪಿಟ್ಟರು, ಎರಡನೆಯದು ಮರೆತುಹೋಯಿತು. 1929ರ ಮಹಾಕುಸಿತದ ತರುವಾಯ ಜಗತ್ತಿನ ಸರಕಾರಗಳೆಲ್ಲ ಪೇಟೆಗಿಳಿದವು. ನಮ್ಮ ಮುಂಬಯಿ ಪ್ರಾಂತದಲ್ಲಿಯೂ 1939ರಲ್ಲಿ ರೈತರ ಸಾಲಪರಿಹಾರದ ಕಾನೂನು ಬಂದಿತು. 1991ರಲ್ಲಿ ಭಾರತ ಸರಕಾರವು ಹಲವು ಕಟ್ಟುಗಳನ್ನು ಸಡಿಲಿಸಿತು. ಇಷ್ಟು ಹೇಳಿ ಶಾಸ್ತ್ರವನ್ನು ಬದಿಗಿಡುವೆನು, ಏಕೆಂದರೆ ನಮ್ಮ ಸೀಮೆಯೇ ಇದಕ್ಕೆ ಮೇಲಾದ ಪಾಠಶಾಲೆಯಾಗಿರುವದು.

ಮೊದಲು ನಿಪ್ಪಾಣಿಯ ತಂಬಾಕನ್ನು ನೋಡುವಾ. 1943ರಲ್ಲಿ ಅಂದಿನ ಬ್ರಿಟಿಶ ಸರಕಾರವು ತಂಬಾಕಿನ ಮೇಲೆ ಅಬಕಾರಿ ಕರವನ್ನು ಹೇರಿತು. ಕರದ ಲೆಕ್ಕಕ್ಕೊಳಗಾದ ಮಾಲನ್ನು ಪರವಾನಗಿಯುಳ್ಳ ವಖಾರದಲ್ಲಿಯೇ ಇಡತಕ್ಕದ್ದು. ವಖಾರವು ಯಾರದು? ವರ್ತಕನದು. ಸರಕಾರವು ಕೈ ಹಾಕಿತು ನಿಜ. ಆದರೆ ಆ ಕೈಯು ತೂಗುವವನ ತಕ್ಕಡಿಗೇ ಆಸರೆಯಾಯಿತು. 1979ರ ಮುಂಗಡಪತ್ರದಲ್ಲಿ ಹಸಿಮಾಲಿನ ಮೇಲಿನ ಆ ಕರವು ಹೋದರೂ ಕೊಳ್ಳುವವರ ಕೂಟವು ಹೋಗಲಿಲ್ಲ. 1975ರ ಕಾನೂನಿನಂತೆ ಗುಂಟೂರಿನಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯು ವರ್ಜೀನಿಯಾ ತಳಿಯನ್ನು ನೋಡಿಕೊಳ್ಳುವದೇ ಹೊರತು ಬೀಡಿಯ ತಂಬಾಕನ್ನಲ್ಲ.

ಇದರ ಫಲವೇ 1981ರ ಚಳವಳಿ. ಆ ವರ್ಷದ ಮಾರ್ಚ ತಿಂಗಳಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ಸಹಸ್ರಾರು ಒಕ್ಕಲಿಗರು ನಿಪ್ಪಾಣಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಬೀಡುಬಿಟ್ಟು ಕುಳಿತರು. ಭಾಷೆಯ ತಂಟೆಯು ಅಲ್ಲಿ ತಲೆಯೆತ್ತಲಿಲ್ಲ. ಕನ್ನಡಿಗರೂ ಮರಾಠರೂ ಒಂದೇ ರೊಟ್ಟಿಯನ್ನು ಹಂಚಿಕೊಂಡು ತಿಂದರು. ಎಪ್ರಿಲ 6ರಂದು ಪೋಲೀಸರ ಗೋಲಿಬಾರಿನಲ್ಲಿ 12 ಜನರು ಪ್ರಾಣಬಿಟ್ಟರು. ಅವರು ಕೇಳಿದ್ದು ದಾನವನ್ನಲ್ಲ. ಬೆವರಿಗೆ ತಕ್ಕ ಬೆಲೆಯನ್ನು. ವರ್ಜೀನಿಯಾ ತಂಬಾಕಿಗೆ ಕರ್ನಾಟಕದಲ್ಲಿ 1984ರಿಂದ ಮಂಡಳಿಯ ಹರಾಜು ಬಂದಿತು. ಯಾರ ರಕ್ತವು ಹೆದ್ದಾರಿಯ ಮೇಲೆ ಬಿದ್ದಿತೋ ಅವರ ಮಾಲಿಗೆ ಆ ಹರಾಜು ಬರಲಿಲ್ಲ.

ಇನ್ನು ಕಬ್ಬು. ತಂಬಾಕನ್ನು ನಾಲ್ಕು ದಿನ ಕಾಯ್ದಿಡಬಹುದು. ಕಡಿದ ಕಬ್ಬನ್ನು ಇಡಲಾಗದು. ದಿನ ಕಳೆದಂತೆ ತೂಕವೂ ಇಳಿಯುವದು, ಸಕ್ಕರೆಯೂ ಇಳಿಯುವದು. ಕೊಳ್ಳುವವನು ಒಬ್ಬನೇ ಇದ್ದು ಮಾಲು ಒಣಗುತ್ತಿರುವಾಗ ಸ್ಪರ್ಧೆಯೆಂಬುದು ಬರಿಯ ಹೆಸರು. ಆದಕಾರಣವೇ 1966ರ ಕಬ್ಬು ನಿಯಂತ್ರಣದ ಆಜ್ಞೆಯು ಹುಟ್ಟಿತು. ಕಬ್ಬು ಒಪ್ಪಿಸಿದ 14 ದಿವಸಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ನೂರಕ್ಕೆ 15ರಂತೆ ವಾರ್ಷಿಕ ಬಡ್ಡಿ ಸಲ್ಲಬೇಕು ಎಂದು ಅದರಲ್ಲಿ ಬರೆದಿರುವದು. ಈ ಬಡ್ಡಿಯನ್ನು ಕೇಳಿ ಪಡೆದ ಭಕ್ತರು ಈ ಸಭೆಯಲ್ಲಿದ್ದರೆ ಕೈಯೆತ್ತಬಹುದು!

2025-26ರ ಹಂಗಾಮಿಗೆ ಕೇಂದ್ರ ಸರಕಾರವು ನೂರಕ್ಕೆ 10.25 ಇಳುವರಿಯ ಮೇಲೆ ಟನ್ನಿಗೆ 3,550 ರೂ. ದರವನ್ನು ನಿಶ್ಚಯಿಸಿತು. ಅದರೊಳಗಿಂದ ಕಡಿಯುವ, ಸಾಗಿಸುವ ವೆಚ್ಚವು ಕಳೆಯುವದು. ಇಳುವರಿಯನ್ನು ಅಳೆಯುವವರೂ ಕಾರಖಾನೆಯವರೇ. 2025ರ ನವೆಂಬರದಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ವೆಚ್ಚ ಕಳೆದು 3,500 ರೂ. ಬೇಕೆಂದು ಹಟಹಿಡಿದು ಕುಳಿತರು. ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಅದರಲ್ಲಿ 50 ರೂ. ರಾಜ್ಯದ ಬೊಕ್ಕಸದ್ದು. ಗಡಿಯಾಚೆ ಜಯಸಿಂಗಪುರದ ಕಬ್ಬಿನ ಪರಿಷತ್ತಿನಲ್ಲಿ ಪ್ರತಿವರ್ಷ ಏನು ದರ ಕೂಗುವರೆಂದು ನಮ್ಮ ಚಿಕ್ಕೋಡಿ, ಕಾಗವಾಡ ಸೀಮೆಯ ರೈತರು ಕಿವಿಗೊಟ್ಟು ಕೇಳುವದೇಕೆ? ಎರಡನೆಯ ಗಿರಾಕಿಯಿದ್ದಲ್ಲಿ ಮಾತ್ರ ಮೊದಲನೆಯವನು ಮೆತ್ತಗಾಗುವನೆಂದು ಅವರು ಬಲ್ಲರು. ಸ್ಪರ್ಧೆಯನ್ನು ಹೊಗಳುವ ಪಂಡಿತರು ಇದನ್ನು ತಮ್ಮ ಪಕ್ಷದ ಪ್ರಮಾಣವೆನ್ನಬಹುದು; ನಾನೂ ಅಲ್ಲವೆನ್ನುವದಿಲ್ಲ.

ಈಗ ಬಂಡವಲದ ಭವಿಷ್ಯವನ್ನು ಕುರಿತು ನನ್ನ ಮತವನ್ನು ಹೇಳುವೆನು. ಸಕ್ಕರೆಯ ಧಾರಣೆ ಏರಿದಾಗ ಕಾರಖಾನೆಯವರು ಸ್ವಾತಂತ್ರ್ಯವನ್ನು ಬೇಡುವರು. 2013ರಲ್ಲಿ ಲೆವಿಯ ಸಕ್ಕರೆಯ ಕಟ್ಟು ಹೋದುದು ಅವರಿಗೆ ಹಿತವಾಯಿತು. ಧಾರಣೆ ಕುಸಿದಾಗ ಅವರೇ ಸರಕಾರದ ಬಾಗಿಲಲ್ಲಿ ನಿಲ್ಲುವರು. ಆದುದರಿಂದಲೇ 2018ರಲ್ಲಿ ಕಿಲೋಗೆ 29 ರೂ., 2019ರಲ್ಲಿ 31 ರೂ. ಎಂದು ಸಕ್ಕರೆಗೆ ಕನಿಷ್ಠ ಮಾರಾಟದ ದರವು ಬಂದಿತು. ಇಥೆನಾಲಿನ ದರವು ಸರಕಾರದ್ದು. ಅದನ್ನು ಕೊಳ್ಳುವ ತೈಲ ಕಂಪನಿಗಳಲ್ಲಿ ಹೆಚ್ಚಿನವೂ ಸರಕಾರದವೇ. 2023ರ ಡಿಸೆಂಬರದಲ್ಲಿ ಕಬ್ಬಿನ ಹಾಲಿನಿಂದ ಇಥೆನಾಲು ಮಾಡಕೂಡದೆಂದು ಒಂದು ಆಜ್ಞೆ ಹೊರಟಾಗ ಕೋಟಿಗಟ್ಟಲೆ ಹಣ ಹೂಡಿದವರು ಕೈಕಟ್ಟಿ ಕುಳಿತರು. ಇಂಥ ಬಂಡವಲವನ್ನು ಸ್ವತಂತ್ರವೆನ್ನುವದೆಂತು? ಮುಂದಿನ ದಿನಗಳಲ್ಲಿಯೂ ಬಂಡವಲವು ಅಳಿಯದು, ಸರಕಾರವು ಹಿಂದೆ ಸರಿಯದು. ಎರಡೂ ಒಂದೇ ನೊಗಕ್ಕೆ ಕೊರಳು ಕೊಟ್ಟಿರುವವು. ನೊಗವನ್ನು ಯಾರ ಹೊಲಕ್ಕೆ ಹೂಡುವರೆಂಬುದೇ ವಿವಾದ.

ಸಹಕಾರವೇ ಇದಕ್ಕೆ ಪರಿಹಾರವೆಂದು ಹಿರಿಯರು ನಂಬಿದ್ದರು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ನಾಡಿದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಕಾರಖಾನೆಗಳು ಅದೇ ಬಳ್ಳಿಯ ಕಾಯಿಗಳು. ಆದರೆ ಶೇರುದಾರನು ಒಡೆಯನೂ ಹೌದು, ಮಾರುವವನೂ ಹೌದು ಎಂಬ ತತ್ವವು ಚುನಾವಣೆಯ ದಿನ ಮಾತ್ರ ನೆನಪಾದರೆ ಸಾಲದ ಹೊರೆಯೇ ಒಡೆಯನಾಗುವದು. ಪಾಂಡವಪುರದ ಸಹಕಾರಿ ಕಾರಖಾನೆಯು 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಗೆ ಹೋದುದನ್ನು ನಮ್ಮ ಸಂಚಾಲಕರು ಮರೆಯಬಾರದು.

ಸರಕಾರದ ಕೈಯು ಮಠಗಳನ್ನೂ ಮುಟ್ಟದೆ ಬಿಡಲಿಲ್ಲ. 1974ರ ಭೂಸುಧಾರಣೆಯಲ್ಲಿ ಅನೇಕ ಮಠಗಳ ಭೂಮಿಯು ಉಳುವವನದಾಯಿತು. ಕೆಲವರು ಇಂದಿಗೂ ನಿಟ್ಟುಸಿರು ಬಿಡುವರು. ಕಾಯಕವನ್ನು ಬೋಧಿಸುವ ಪೀಠಗಳು ಉಳುವವನಿಗೆ ಹೊಲ ಸೇರಿತೆಂದು ಕೊರಗುವದು ನನಗೆ ಒಪ್ಪಿಗೆಯಿಲ್ಲ.

ಕಡೆಗೆ, ಯಾವ ದರಪಟ್ಟಿಯಲ್ಲಿಯೂ ಹೆಸರಿಲ್ಲದವರೊಬ್ಬರುಂಟು. ಬೀಡಿ ಕಟ್ಟುವ ತಾಯಂದಿರಿಗೆ 2025ರವರೆಗೆ 1966ರ ಕಾನೂನಾದರೂ ಇದ್ದಿತು. ಸರಿಯಿಲ್ಲವೆಂದು ಬೀಡಿಗಳನ್ನು ತೆಗೆದಿಟ್ಟು ಕೂಲಿ ಮುರಿಯುವ ಚಾಳಿಯನ್ನು ಅದರ ಬಲದಿಂದ ಪ್ರಶ್ನಿಸಬಹುದಾಗಿದ್ದಿತು. ಕಬ್ಬು ಕಡಿಯುವ ಗ್ಯಾಂಗಿನವರೋ, ಮುಕಾದಮನಿಂದ ಮುಂಗಡ ಪಡೆದು ಬೀಡದಿಂದ, ವಿಜಯಪುರದಿಂದ ಹೆಂಡಿರು ಮಕ್ಕಳೊಡನೆ ಬಂದು ಹೊಲದಂಚಿನ ಗುಡಿಸಲಲ್ಲಿ ಹಂಗಾಮು ಕಳೆಯುವರು. ಟನ್ನಿನ ದರಕ್ಕಾಗಿ ಹೆದ್ದಾರಿಯಲ್ಲಿ ಕುಳಿತ ನಾವು, ಆ ಟನ್ನನ್ನು ಕಡಿದವನ ಕೂಲಿಯನ್ನು ವೆಚ್ಚದ ಕಡೆಗೆ ಬರೆಯುವೆವು. ಅವರ ಮಕ್ಕಳ ಶಾಲೆಯು ಆ ಐದಾರು ತಿಂಗಳು ನಿಂತುಹೋಗುವದು. ನಮ್ಮ ಪ್ರಸಾದನಿಲಯದಲ್ಲಿ ಹಂಗಾಮಿನ ಮಟ್ಟಿಗೆ ಆ ಮಕ್ಕಳಿಗೆ ಸ್ಥಳ ಕೊಡಬೇಕೆಂದೂ, ಕಾರಖಾನೆಯವರೂ ಬೆಳೆಗಾರರೂ ಟನ್ನಿಗೆ ಇಷ್ಟೆಂದು ಅದರ ವೆಚ್ಚವನ್ನು ಹೊರಬೇಕೆಂದೂ ಶ್ರೀಗಳವರ ಸನ್ನಿಧಿಯಲ್ಲಿ ವಿಜ್ಞಾಪಿಸಿಕೊಳ್ಳುವೆನು. ಮೊತ್ತವನ್ನು ಇಲ್ಲಿ ಕುಳಿತಿರುವ ಸಂಚಾಲಕರೇ ಹೇಳಲಿ.