ಶುಕ್ರವಾರ ತೊಟ್ಟಿ ತೊಳೆಯೋಣ



ಮಳೆಗಾಲ ಬಂತು ಅಂದರೆ ನಮ್ಮ ಬೂದಿಗೆರೆಯಲ್ಲಿ ಎಲ್ಲರಿಗೂ ಸಂತೋಷ. ರಾಗಿ ಬಿತ್ತನೆಗೆ ಹೊಲ ಹದವಾಗುತ್ತೆ. ಆದರೆ ಮಳೆಯ ಹಿಂದೆಯೇ ಜ್ವರವೂ ಬರುತ್ತೆ. ಮಗು ಜ್ವರ ಬಂದು ಮಲಗಿದರೆ ಯಾರ ಕೂಲಿ ಹೋಗುತ್ತೆ? ನಮ್ಮದು. ಯಾರ ನಿದ್ದೆ ಕೆಡುತ್ತೆ? ನಮ್ಮದೇ. ಅದಕ್ಕೇ ಇವತ್ತು ಡೆಂಗಿ ಜ್ವರದ ಬಗ್ಗೆ ನಾಲ್ಕು ಮಾತು ಆಡೋಣ.

ಡೆಂಗಿ ಹರಡೋದು ಸೊಳ್ಳೆಯಿಂದ. ಈ ಸೊಳ್ಳೆಯ ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತೆ. ಇದು ಕಚ್ಚೋದು ಹೆಚ್ಚಾಗಿ ಹಗಲಿನಲ್ಲಿ. ಸೊಳ್ಳೆ ಅಂದರೆ ಚರಂಡಿ ನೀರಿನದು ಅಂದುಕೊಳ್ತೀವಿ. ಇದು ಹಾಗಲ್ಲ. ಇದಕ್ಕೆ ನಿಂತ ತಿಳಿನೀರು ಬೇಕು. ನಾವು ಹಿಡಿದಿಟ್ಟ ನೀರೇ ಬೇಕು.

ನಲ್ಲಿ ದಿನಾ ಬರದಿದ್ದರೆ ನಾವೇನು ಮಾಡ್ತೀವಿ? ಡ್ರಮ್ಮು, ಹಂಡೆ, ತೊಟ್ಟಿ ಎಲ್ಲಾ ತುಂಬಿಸ್ತೀವಿ. ಅದು ತಪ್ಪಲ್ಲ. ಮುಚ್ಚದೆ ಬಿಡೋದು ತಪ್ಪು. ಹಿತ್ತಿಲಿನ ಒರಳುಕಲ್ಲು, ಹಳೇ ಟೈರು, ಒಡೆದ ಮಡಕೆ, ಎಳನೀರಿನ ಬುರುಡೆ, ಇವುಗಳಲ್ಲಿ ನಿಂತ ಮಳೆನೀರೂ ಸೊಳ್ಳೆಗೆ ಸಾಕು.

2024ರಲ್ಲಿ ಕರ್ನಾಟಕದಲ್ಲಿ ಡೆಂಗಿ ತುಂಬಾ ಹರಡಿತು. ಸೆಪ್ಟೆಂಬರಿನಲ್ಲಿ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗ ಅಂತ ಸಾರಿತು. ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ದಂಡ ಅಂತಲೂ ಹೇಳಿತು. ಹಳ್ಳಿಯಲ್ಲಿ 200 ರೂಪಾಯಿ, ಪಟ್ಟಣದಲ್ಲಿ 400 ರೂಪಾಯಿ. ದಂಡದ ಮಾತು ಹಾಗಿರಲಿ. ನಮಗೆ ನಮ್ಮ ಮಕ್ಕಳು ಮುಖ್ಯ.

ಹಾಗಾದರೆ ಏನು ಮಾಡೋಣ? ನಮ್ಮ ಬೆಂಗಳೂರಿನಲ್ಲೇ ನಡೆದ ಒಂದು ಸಂಗತಿ ಕೇಳಿ. 1883ರಲ್ಲಿ ಅಲ್ಲಿ ರೊನಾಲ್ಡ್ ರಾಸ್ ಅನ್ನೋ ಡಾಕ್ಟರು ಇದ್ದರು. ಅವರ ಮನೆಯಲ್ಲಿ ಸೊಳ್ಳೆ ಕಾಟ. ಕಿಟಕಿ ಹತ್ತಿರದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಕುಣೀತಾ ಇದ್ದವು. ಆ ನೀರು ಚೆಲ್ಲಿದ ಮೇಲೆ ಸೊಳ್ಳೆ ಕಡಿಮೆಯಾಯಿತು. ಮಲೇರಿಯಾ ಹರಡೋದು ಸೊಳ್ಳೆಯಿಂದ ಅಂತ 1897ರಲ್ಲಿ ತೋರಿಸಿಕೊಟ್ಟವರು ಇವರೇ. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಅವರು ಮಾಡಿದ್ದನ್ನು ನಾವೂ ಮಾಡಬಹುದು. ಮೊಟ್ಟೆ ಸೊಳ್ಳೆಯಾಗಿ ಹಾರೋಕೆ ಸುಮಾರು ಎಂಟು ಹತ್ತು ದಿನ ಬೇಕು. ವಾರಕ್ಕೊಂದು ಸಲ ತೊಟ್ಟಿ ತೊಳೆದರೆ ಅದು ಹಾರೋದೇ ಇಲ್ಲ. ಶುಕ್ರವಾರ ಹೇಗೂ ಮನೆ ಸಾರಿಸಿ, ಹೊಸಿಲು ತೊಳೀತೀವಿ. ಅವತ್ತೇ ಡ್ರಮ್ಮು, ತೊಟ್ಟಿಯನ್ನೂ ತೊಳೆಯೋಣ.

ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಒಳಗೋಡೆಗೆ ಅಂಟಿಕೊಂಡಿರುತ್ತೆ. ಒಣಗಿದರೂ ತಿಂಗಳುಗಟ್ಟಲೆ ಸಾಯಲ್ಲ. ನೀರು ಬಿದ್ದ ಮೇಲೆ ಮರಿಯಾಗುತ್ತೆ. ಅದಕ್ಕೇ ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು. ಕಷ್ಟಪಟ್ಟು ಹೊತ್ತ ನೀರು ಚೆಲ್ಲೋಕೆ ಹೊಟ್ಟೆ ಉರಿಯುತ್ತೆ, ಅಲ್ವಾ? ಚರಂಡಿಗೆ ಚೆಲ್ಲಬೇಡಿ. ಸೊಪ್ಪಿನ ಮಡಿಗೆ, ತೆಂಗಿನ ಬುಡಕ್ಕೆ ಹಾಕಿ. ಆಮೇಲೆ ಹೊಸ ನೀರು ತುಂಬಿ, ಬಟ್ಟೆ ಕಟ್ಟಿ ಮುಚ್ಚಿ. ದೊಡ್ಡ ತೊಟ್ಟಿ ಖಾಲಿ ಮಾಡೋಕೆ ಆಗದಿದ್ದರೆ ಗಪ್ಪಿ ಮೀನು ಬಿಡಬಹುದು. ಅದು ಸೊಳ್ಳೆಮರಿ ತಿನ್ನುತ್ತೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಇದು ಹೆಂಗಸರ ಕೆಲಸ ಮಾತ್ರವೇ? ಅಲ್ಲ. ಡ್ರಮ್ಮು ಬಗ್ಗಿಸೋಕೆ ಮನೆಯ ಗಂಡಸರೂ ಕೈ ಹಾಕಲಿ. ಮಕ್ಕಳು ಹಿತ್ತಿಲಿನ ಬುರುಡೆ, ಚಿಪ್ಪು ಬೋರಲು ಹಾಕಲಿ.

ಇಷ್ಟಾದರೂ ಜ್ವರ ಬಂದರೆ? ಜೋರು ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಬ್ರೂಫೆನ್ ಮಾತ್ರೆಯಿಂದ ರಕ್ತಸ್ರಾವ ಹೆಚ್ಚಾಗಬಹುದು. ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಗಂಜಿ, ಮಜ್ಜಿಗೆ, ಎಳನೀರು ಆಗಾಗ ಕುಡಿಸಿ.

ಒಂದು ಮಾತು ಮಾತ್ರ ಮರೀಬೇಡಿ. ಕೆಲವು ದಿನಕ್ಕೆ ಜ್ವರ ಇಳಿಯುತ್ತೆ. ಮಗು ಹುಷಾರಾಯ್ತು ಅಂತ ನಾವು ಕೆಲಸಕ್ಕೆ ಹೊರಡ್ತೀವಿ. ಅಪಾಯ ಬರೋದು ಆಗಲೇ! ಜ್ವರ ಇಳಿದ ಮೇಲೆ ಎರಡು ದಿನ ಕಣ್ಣಿಟ್ಟು ನೋಡಿ. ಹೊಟ್ಟೆನೋವು ಜೋರಾದರೆ, ಮತ್ತೆ ಮತ್ತೆ ವಾಂತಿಯಾದರೆ, ಮೂಗಲ್ಲಿ ಇಲ್ಲವೇ ಒಸಡಲ್ಲಿ ರಕ್ತ ಬಂದರೆ, ಮಲ ಕಪ್ಪಗಾದರೆ, ಕೈಕಾಲು ತಣ್ಣಗಾದರೆ, ಮಗು ಮಂಕಾದರೆ ತಡಮಾಡಬೇಡಿ. 108ಕ್ಕೆ ಫೋನು ಮಾಡಿ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳೋದೇ, “ಜ್ವರ ಎಷ್ಟು ದಿನದಿಂದ?” ಅಂತ. ಗಾಬರಿಯಲ್ಲಿ ನೆನಪಾಗೋದಿಲ್ಲ. ಈಗ ನಮಗೆ ಬರೆಯೋಕೆ ಬರುತ್ತಲ್ಲ! ಜ್ವರ ಶುರುವಾದ ದಿನ ಕ್ಯಾಲೆಂಡರಿನಲ್ಲಿ ‘ಜ್ವರ’ ಅಂತ ಬರೆಯಿರಿ. ಇಳಿದ ದಿನವನ್ನೂ ಬರೆಯಿರಿ.

ಇವತ್ತು ಮನೆಗೆ ಹೋದ ತಕ್ಷಣ ಒಂದು ಸೀಮೆಸುಣ್ಣ ಹುಡುಕಿ. ಡ್ರಮ್ಮಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ‘ಶುಕ್ರವಾರ ತೊಳೆ’. ಮನೆಯವರೆಲ್ಲ ಓದಲಿ.