ಅಮ್ಮನ ನಡಿಗೆ, ನಿಮ್ಮ ಓಟ

ಇಂಗ್ಲಿಷಿನಲ್ಲಿ ‘ವಾಕ್’ ಅಂದರೆ ನಡೆ, ‘ರನ್’ ಅಂದರೆ ಓಡು. ಇದು ನಿಮಗೆಲ್ಲ ಯಾವಾಗಲೋ ಗೊತ್ತು. ಆದರೆ ಬೆಳಿಗ್ಗೆ ಬಸ್ಸು ತಪ್ಪೀತೆಂದು ಅಮ್ಮ ಬಿರಬಿರನೆ ನಡೆಯುವಾಗ ಅವಳ ಕೈ ಹಿಡಿದ ನೀವು ಪಕ್ಕದಲ್ಲೇ ಓಡುತ್ತಿರುತ್ತೀರಿ, ಅಲ್ಲವೇ? ಕೈ ಬಿಟ್ಟಿಲ್ಲ, ಅಂದರೆ ಇಬ್ಬರ ವೇಗವೂ ಒಂದೇ. ಆದರೂ ಅಮ್ಮನದು ವಾಕ್, ನಿಮ್ಮದು ರನ್. ಅದು ಹೇಗೆ?

ಪಾದ ನೋಡಿ. ನಡೆಯುವಾಗ ಒಂದಲ್ಲ ಒಂದು ಪಾದ ನೆಲದ ಮೇಲೆ ಇದ್ದೇ ಇರುತ್ತದೆ. ಓಡುವಾಗ ಹೆಜ್ಜೆ ಹೆಜ್ಜೆಯ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಎರಡೂ ಪಾದ ಗಾಳಿಯಲ್ಲಿರುತ್ತವೆ. ಒಲಿಂಪಿಕ್ಸ್‌ನಲ್ಲಿ ವೇಗದ ನಡಿಗೆಯ ಸ್ಪರ್ಧೆಯೇ ಇದೆ. ಅದರಲ್ಲಿ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗದಲ್ಲಿ ಹೋಗುವವರಿದ್ದಾರೆ. ನಾವು ಓಡಿದರೂ ಅವರನ್ನು ಹಿಡಿಯುವುದು ಕಷ್ಟ. ದಾರಿಯುದ್ದಕ್ಕೂ ತೀರ್ಪುಗಾರರು ಅವರ ಪಾದಗಳನ್ನೇ ನೋಡುತ್ತಾ ನಿಂತಿರುತ್ತಾರೆ. ಎರಡೂ ಪಾದ ಮೇಲೆದ್ದದ್ದು ಬರಿಗಣ್ಣಿಗೆ ಕಂಡರೆ ಅದು ತಪ್ಪು.

ನಡೆಯುವಾಗ ನೆಲದಲ್ಲಿರುವ ಕಾಲು ನೆಟ್ಟಗಿರುತ್ತದೆ, ಕೋಲೂರಿ ಕಾಲುವೆ ದಾಟುವವರ ಹಾಗೆ ದೇಹ ಅದರ ಮೇಲೇರಿ ಆಚೆಗೆ ಇಳಿಯುತ್ತದೆ. ಇಳಿಸುವ ಕೆಲಸ ಭೂಮಿಯ ಸೆಳೆತದ್ದು. ತೀರ ಜೋರಾಗಿ ಹೋದರೆ ಆ ಸೆಳೆತ ಸಾಲದೆ ದೇಹ ನೆಲ ಬಿಟ್ಟೇಳುತ್ತದೆ. ಕಾಲು ಗಿಡ್ಡವಾದಷ್ಟೂ ಈ ಮಿತಿ ಬೇಗ ಬರುತ್ತದೆ. ಅಮ್ಮ ನಡೆಯುವ ವೇಗಕ್ಕೆ ನೀವು ಓಡಬೇಕಾಗುವುದು ಅದಕ್ಕೇ, ಸೋಮಾರಿತನದಿಂದ ಖಂಡಿತ ಅಲ್ಲ! ಓಡುವಾಗ ಮಂಡಿ ಬಾಗಿ ದೇಹ ಕುಗ್ಗುತ್ತದೆ, ಸ್ಪ್ರಿಂಗಿನಂತೆ ಮತ್ತೆ ಚಿಮ್ಮುತ್ತದೆ. ಹಿಮ್ಮಡಿಗಿಂತ ಸ್ವಲ್ಪ ಮೇಲೆ, ಹಿಂಬದಿಯಲ್ಲಿ ಕೈಯಿಟ್ಟು ನೋಡಿ, ದಪ್ಪ ಹುರಿಯಂಥದ್ದು ಸಿಗುತ್ತದಲ್ಲ? ಆ ಸ್ಪ್ರಿಂಗಿನ ದೊಡ್ಡ ಪಾಲು ಅದೇ.

ನೆಲ ಬಿಡುವುದರಲ್ಲೂ ಇಂಗ್ಲಿಷಿಗೆ ಬೇರೆ ಬೇರೆ ಪದಗಳು ಬೇಕು. ಕುಂಟಬಿಲ್ಲೆ ಆಡುವಾಗ ಒಂದೇ ಕಾಲಿನಿಂದ ಎದ್ದು ಅದೇ ಕಾಲಿನ ಮೇಲೆ ಇಳಿಯುತ್ತೀರಿ, ಅದು ‘ಹಾಪ್’. ಎರಡು ಕಾಲೂ ಜೋಡಿಸಿ ಕಪ್ಪೆಯ ಹಾಗೆ ಹಾರಿದರೆ ‘ಜಂಪ್’. ಮಳೆ ನಿಂತ ಮೇಲೆ ರಸ್ತೆಯ ಹೊಂಡ ದಾಟಲು ಒಂದು ಕಾಲಿನಿಂದ ಚಿಮ್ಮಿ ಇನ್ನೊಂದರ ಮೇಲೆ ಇಳಿದರೆ ‘ಲೀಪ್’. ಮಾತಿನಲ್ಲಿ ಜಂಪ್ ಎಲ್ಲಕ್ಕೂ ನಡೆಯುತ್ತದೆ, ಆದರೆ ಆಟ ಕಲಿಸುವವರು ಈ ವ್ಯತ್ಯಾಸ ಬಿಡುವುದಿಲ್ಲ. ನಮ್ಮ ಕನ್ನಡ ನೋಡಿ, ಹುಡುಗ ಗೋಡೆ ಹಾರುತ್ತಾನೆ, ಹಕ್ಕಿಯೂ ಹಾರುತ್ತದೆ. ಎರಡಕ್ಕೂ ಒಂದೇ ಪದ. ಇಂಗ್ಲಿಷಿನಲ್ಲಿ ಹುಡುಗನದು ಜಂಪ್, ಹಕ್ಕಿಯದು ‘ಫ್ಲೈ’. ನನಗೆ ಕನ್ನಡದ ಈ ಧಾರಾಳತನ ಬಹಳ ಇಷ್ಟ.

ಈ ಪದಗಳಿಗೆಲ್ಲ ಕಾಲೋ ರೆಕ್ಕೆಯೋ ಬೇಕು. ಆದರೆ ‘ಟ್ರಾವೆಲ್’, ಅಂದರೆ ಸಾಗು, ಅನ್ನುವ ಪದಕ್ಕೆ ಅವೇನೂ ಬೇಕಿಲ್ಲ. ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುವ ಬೆಳಕೂ ಟ್ರಾವೆಲ್ ಮಾಡುತ್ತದೆ.

ಮತ್ತೆ ವಾಕ್, ರನ್‌ಗೆ ಬರೋಣ, ಈ ಸಲ ಆನೆಯ ಜೊತೆ. ನಾಗರಹೊಳೆಯ ಆನೆ ಅಟ್ಟಿಸಿಕೊಂಡು ಬಂದರೆ ಅದು ಯಾವ ಪದ? 2003ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ವಿಜ್ಞಾನಿಗಳು ಥಾಯ್ಲೆಂಡಿನ ಆನೆಗಳ ಮೈಮೇಲೆ ಗುರುತು ಹಚ್ಚಿ, ಅವು ಜೋರಾಗಿ ಹೋಗುವುದನ್ನು ವಿಡಿಯೋ ಮಾಡಿದರು. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ ಮುಟ್ಟಿದಾಗಲೂ ಅವುಗಳ ನಾಲ್ಕೂ ಪಾದ ಒಟ್ಟಿಗೆ ನೆಲ ಬಿಡಲಿಲ್ಲ. ಪಾದವನ್ನು ಕೇಳಿದರೆ ಅದು ವಾಕ್ ಅನ್ನುತ್ತದೆ. ಆದರೆ ಹಿಂಭಾಗ ನಾವು ಓಡುವಾಗಿನಂತೆ ಕುಗ್ಗಿ ಪುಟಿಯುತ್ತಿತ್ತು! ಅದು ರನ್ ಅನ್ನುತ್ತದೆ. ನನ್ನ ಮನಸ್ಸು ಪುಟಿಯುವ ಕಡೆಗೇ ವಾಲುತ್ತದೆ. ನೀವು ನಿಮ್ಮ ನೋಟ್‌ಬುಕ್ಕಿನಲ್ಲಿ ಯಾವುದನ್ನು ಬರೆಯುತ್ತೀರಿ?